ರಾಜಕುಮಾರಿಯ ಕೈಯಲ್ಲಿ ಹಿಡಿಸೂಡಿ

ಮೊನ್ನೆ ಮೊಮ್ಮಗಳ ಮುಖಕ್ಕೆ ಹಚ್ಚಿದ್ದ ನಾಟಕದ ಬಣ್ಣವನ್ನು ತೆಂಗಿನೆಣ್ಣೆಯಲ್ಲಿ ಒರೆಸುತ್ತಿದ್ದೆ. ಆ ವಾಸನೆ ನನ್ನನ್ನು ನೇರ ಉದ್ಯಾವರದ ನಮ್ಮ ಮಕ್ಕಳ ನಾಟಕ ತಂಡಕ್ಕೆ ಕರೆದುಕೊಂಡು ಹೋಯಿತು.

ಸಿಮಾಂವ್ ಮಾಸ್ಟ್ರು ಕೊಂಕಣಿಯಲ್ಲಿ ಹಾಡಿನ ನಾಟಕ ಬರೆದು, ರಾಗ ಹಾಕಿ, ತಾವೇ ಹಾರ್ಮೋನಿಯಂ ಬಾರಿಸುತ್ತಿದ್ದರು. ಹತ್ತು ವರ್ಷದ ನಾನು ರಾಜಕುಮಾರಿ. ನಾಟಕಕ್ಕೆ ಮೊದಲು ವೇದಿಕೆ ಗುಡಿಸುವುದು ಸರದಿಯ ಮೇಲೆ ಮಕ್ಕಳದೇ ಕೆಲಸ. ಕಾರ್ಕಳದಲ್ಲಿ ಜನ ಚಪ್ಪಾಳೆ ತಟ್ಟಿ ನನ್ನ ಹಾಡನ್ನು ಮತ್ತೊಮ್ಮೆ ಹಾಡಿಸಿದರು. ಅಲ್ಲಿಂದ ನನ್ನ ತಲೆ ತಿರುಗಿತು.

ಮುಂದಿನ ಭಾನುವಾರ ಕಾಪುವಿನಲ್ಲಿ ನನ್ನ ಸರದಿ ಬಂತು.

"ಕಿರೀಟ ಇಟ್ಟ ಮೇಲೆ ನಾನು ಗುಡಿಸುವುದಿಲ್ಲ ಮಾಸ್ಟ್ರೇ," ಎಂದೆ.

ಮಾಸ್ಟ್ರು ಬೈಯಲಿಲ್ಲ. "ಆಯ್ತು ಮಗಾ, ನೀನು ಕೂತುಕೋ," ಎಂದು ಇಸ್ತ್ರಿಯ ಬಿಳಿ ಪ್ಯಾಂಟು ಮೇಲಕ್ಕೆ ಮಡಚಿ, ಹಿಡಿಸೂಡಿ ಹಿಡಿದು ತಾವೇ ಗುಡಿಸತೊಡಗಿದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಓಡಿಹೋಗಿ ಅವರ ಕೈಯಿಂದ ಹಿಡಿಸೂಡಿ ಕಿತ್ತುಕೊಂಡು ಗುಡಿಸುತ್ತಿದ್ದೆ, ಅಷ್ಟರಲ್ಲಿ ಯಾರೋ ಪರದೆ ಸರಿಸಿಬಿಟ್ಟರು. ಎದುರಿಗೆ ತುಂಬಿದ ಸಭೆ.

ಮೊದಲ ಸಾಲಿನಲ್ಲಿದ್ದ ಬ್ಯಾರಿ ಅಜ್ಜಿಯೊಬ್ಬರು ನಿಧಾನವಾಗಿ ಹೇಳಿದರು: "ರಾಜಕುಮಾರೀ, ಆ ಮೂಲೆಯಲ್ಲಿ ಇನ್ನೂ ಸ್ವಲ್ಪ ಕಸ ಉಂಟು ನೋಡು."

ಸಭೆಯೆಲ್ಲ ನಕ್ಕಿತು. ಮಾಸ್ಟ್ರೂ ಹಾರ್ಮೋನಿಯಂ ಹಿಂದೆ ಮುಖ ಅಡಗಿಸಿ ನಕ್ಕರು. ನಾನು ಆ ಮೂಲೆಯನ್ನೂ ಗುಡಿಸಿ, ಆಮೇಲೆ ಹಾಡಿದೆ.

ಈಗಲೂ ಕಾಪುವಿನ ಕಡೆ ಮದುವೆಗೆ ಹೋದರೆ ಹಿರಿಯರು ಗುರುತು ಹಿಡಿಯುವುದುಂಟು. "ನೀವು ಆವತ್ತು ಗುಡಿಸಿದ ರಾಜಕುಮಾರಿ ಅಲ್ವಾ?" ಎಂದು ಕೇಳುತ್ತಾರೆ. ನಾನು ಹಾಡಿದ್ದು ಒಬ್ಬರಿಗೂ ನೆನಪಿಲ್ಲ.