ಐದನೇ ಭಾಷೆಯಲ್ಲಿ ಸಿಕ್ಕಿಬಿದ್ದೆ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದೆನೋ. ಒಂದು ವಾರ ಈ ಅಂಕಣದಲ್ಲಿ ಜಹೀರಾಬಾದಿನ ರಸ್ತೆಯ ಗುಂಡಿಗಳ ಬಗ್ಗೆ ಬರೆದೆ. ಇನ್ನೊಂದು ವಾರ ಶುಂಠಿ ಚಹಾದ ಬಗ್ಗೆ. ಎರಡೂ ತಪ್ಪಿಸಿಕೊಳ್ಳುವ ದಾರಿಗಳೇ. ಇವತ್ತು ಹೇಳಿಬಿಡುತ್ತೇನೆ.

ನಾನು ಸ್ಪ್ಯಾನಿಷ್ ಕಲಿಯುತ್ತಿದ್ದೇನೆ.

ನಗಿ, ಪರವಾಗಿಲ್ಲ. ಈ ವಾರದ ವಿಷಯವೇ ನಗು.

ಮೊಮ್ಮಗಳು ಶ್ರಾವಣಿಗೆ ಹೈದರಾಬಾದಿನ ಕಂಪನಿಯೊಂದರಲ್ಲಿ ಕೆಲಸ ಸಿಗುವ ಹಾಗಿದೆ. ಸ್ಪೇನ್ ಕಡೆಯ ಗಿರಾಕಿಗಳ ಫೋನಿಗೆ ಉತ್ತರ ಕೊಡುವ ಕೆಲಸ. ಭಾಷೆ ಬಂದರೆ ಮಾತ್ರ. ಕ್ಲಾಸು ಆನ್‌ಲೈನ್. ಮನೆಯಲ್ಲೂ ಯಾರ ಜೊತೆಗಾದರೂ ಮಾತಾಡಿ ಪ್ರಾಕ್ಟೀಸ್ ಮಾಡಬೇಕಂತೆ. ನಾನೇ ಮುಂದೆ ಬಿದ್ದೆ. ತೆಲಂಗಾಣ ಗಡಿಯ ನಾರಾಯಣಖೇಡ–ಜಹೀರಾಬಾದ್ ಬಸ್ಸಿನಲ್ಲಿ ಕಂಡಕ್ಟರಾಗಿ ಆಯುಷ್ಯ ಕಳೆದವನು ನಾನು. ಓದಿದ್ದು ಹೈಸ್ಕೂಲು. ಆದರೆ ಕನ್ನಡದಲ್ಲಿ ಟಿಕೆಟ್ ಕೊಟ್ಟು, ತೆಲುಗಿನಲ್ಲಿ ಚಿಲ್ಲರೆ ಕೇಳಿ, ಉರ್ದುವಿನಲ್ಲಿ ಜಗಳವಾಡಿ, ಮರಾಠಿಯಲ್ಲಿ ರಾಜಿಯಾದವನು. ಐದನೆಯದೇನು ದೊಡ್ಡದು?

ದೊಡ್ಡದೇ. ಆ ಭಾಷೆಯಲ್ಲಿ ಭೂತಕಾಲ ಒಂದೇ ಬಗೆಯದಲ್ಲ.

“ಮುತ್ಯಾ, ಬಸ್ ಹೊಂಟಿತ್ತು, ಟಯರ್ ಒಡೀತು. ಹೊಂಟಿತ್ತು ಅನ್ನಾಕ ಒಂದು ರೂಪ, ಒಡೀತು ಅನ್ನಾಕ ಇನ್ನೊಂದು. ಒಮ್ಮೆ ಆಗಿ ಮುಗೀತಂದ್ರ ಒಂದು. ಹಿಂದಕ ದಿನಾ ನಡೀತಿತ್ತಂದ್ರ ಬ್ಯಾರೆ. ತಿಳೀತಾ?” ಎಂದು ಶ್ರಾವಣಿ ಈ ಅಜ್ಜನಿಗೆ ಪಾಠ ಹೇಳಿದಳು.

ತಿಳಿಯಿತು. ಕನ್ನಡದಲ್ಲೂ ಇದೆಯಲ್ಲ: ಹೋದೆ, ಹೋಗುತ್ತಿದ್ದೆ. ಆದರೆ ನಾವು ಎಂದಾದರೂ ನಿಂತು ಆರಿಸಿದ್ದೇವೆಯೇ? ನಮಗೆ ತಾನಾಗಿ ಬಾಯಿಗೆ ಬರುತ್ತದೆ. ಹೊರಗಿನಿಂದ ಬಂದವರು ಮಾತ್ರ ಪ್ರತಿ ಮಾತಿಗೂ ನಿಲ್ಲಬೇಕು, ಯೋಚಿಸಬೇಕು, ಹೆದರಬೇಕು.

ಒಂದು ದಿನ ಕ್ಲಾಸಿನಲ್ಲಿ ಟೀಚರು ನನ್ನನ್ನೂ ಮಾತಾಡಿಸಿದರು. ನಿನ್ನೆ ಏನು ತಿಂದಿರಿ? ‘ಕೊಮೀ’ ಅಂದರೆ ತಿಂದೆ. ನಾನು ಗಡಿಬಿಡಿಯಲ್ಲಿ ‘ಕೊಮೀಯಾ’ ಎಂದೆ. ಅಂದರೆ, ರೊಟ್ಟಿ ತಿನ್ನುತ್ತಿದ್ದೆ.

“ಅಂದರೆ ಈಗ ರೊಟ್ಟಿ ಬಿಟ್ಟುಬಿಟ್ಟಿರಾ ತಾತಾ?” ಎಂದು ಅವರು ತಮಾಷೆ ಮಾಡಿದರು.

ಸ್ಕ್ರೀನಿನ ಚೌಕಗಳಲ್ಲೆಲ್ಲ ಹುಡುಗರ ಹಲ್ಲು. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಆದರೂ ನನ್ನ ಕಿವಿ ಬಿಸಿಯಾದವು. ಮರುದಿನ ಶ್ರಾವಣಿ ಕರೆದಾಗ ಮೊಣಕಾಲು ನೋವು ಎಂದೆ. ಅದರ ಮರುದಿನ ಕಣ್ಣುರಿ. (ಸ್ಪ್ಯಾನಿಷ್‌ಗೂ ಮೊಣಕಾಲಿಗೂ ಏನು ಸಂಬಂಧ ಎಂದು ಅವಳು ಕೇಳಲಿಲ್ಲ.)

“ಒಂದ್ ಸಲ ನಕ್ಕಿದ್ದಕ ಬಾಯಿ ಮುಚ್ಚಿದಿ ಮುತ್ಯಾ? ಬಸ್ಸಿನಾಗ ಎಷ್ಟ್ ಮಂದಿಗಿ ನಗ್ಯಾಡಿದಿ ನೀ!” ಎಂದು ಎಳೆದು ಕೂರಿಸಿದಳು.

ಅವತ್ತಿನ ಹೋಂವರ್ಕ್, ಮನೆಯ ಹಳೆಯ ಪ್ರಸಂಗವೊಂದನ್ನು ಸ್ಪ್ಯಾನಿಷ್‌ನಲ್ಲಿ ಬರೆಯುವುದು. ನನ್ನ ಹತ್ತಿರ ಒಂದು ತಯಾರೇ ಇತ್ತು. ಬಸ್ಸಿನಲ್ಲಿ, ಮದುವೆ ಮನೆಗಳಲ್ಲಿ ಹೇಳಿ ಹೇಳಿ ನಯವಾದದ್ದು. ಅದನ್ನೇ ಹೇಳಿದೆ.

ಶ್ರಾವಣಿಯ ತಾಯಿ, ಅಂದರೆ ನನ್ನ ಸೊಸೆ, ತಾಂಡೂರಿನವಳು. ತವರಿನಲ್ಲಿ ತೆಲುಗು. ಮದುವೆಯಾಗಿ ಬಂದ ಹೊಸತರಲ್ಲಿ ಕನ್ನಡ ಕಲಿಯುತ್ತಿದ್ದಳು. ಕಲಿ ಎಂದು ಯಾರೂ ಹೇಳಿರಲಿಲ್ಲ, ತಾನಾಗಿಯೇ ಕಲಿಯುತ್ತಿದ್ದಳು. ಒಂದು ದಿನ ಬೀಗರು ಕೂತಿದ್ದಾಗ ಒಳಗಿಂದ ಬಂದು, “ಮಾವಾ, ನಿನ್ನಿ ನಾರಾಯಣಖೇಡ ಕಾಕಾ ಬರ್ತಾರ್ರಿ” ಎಂದಳು. ಬಂದಿದ್ದರು ಎನ್ನಬೇಕಿತ್ತು. ನಾನು ಬಿಡುತ್ತೇನೆಯೇ?

“ನಿನ್ನಿ ಬರೋರಿಗಿ ಟಿಕೇಟ್ ಯಾವ ದಿನದ್ದು ಹರೀಲವ್ವಾ?”

ಮನೆ ತುಂಬ ನಗು.

ಶ್ರಾವಣಿ ನಗಲಿಲ್ಲ. ಪೆನ್ನು ಹಿಡಿದು ಕೇಳಿದಳು: “ಇದು ನೀ ಒಂದೇ ಸಲ ಅಂದಿದ್ದೇನು, ದಿನಾ ಅಂತಿದ್ದೇನು? ಒಂದೇ ಸಲ ಆದ್ರ ‘ದಿಹೆ’ ಬರೀತೀನಿ. ಅಂತಿದ್ದಿ ಅಂದ್ರ ‘ದೆಸೀಯಾ’.”

“ಒಂದೇ ಸಲ” ಎಂದೆ.

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು.

ಹಿಟ್ಟು ಮುಗಿದಿರಬಹುದು. ರೊಟ್ಟಿಯನ್ನು ಹೆಂಚಿಗೆ ಹಾಕುತ್ತಿರಬಹುದು. ಆದರೆ ನನಗೆ ಗೊತ್ತಿತ್ತು. ಸೊಸೆ ಕೇಳಿಸಿಕೊಂಡಿದ್ದಳು. ಮತ್ತು ನಾನು ಹೇಳಿದ್ದು ಸುಳ್ಳು.

ಒಂದೇ ಸಲವೇ? ಅವಳು ಬಾಯಿ ತೆರೆದಾಗಲೆಲ್ಲ ಟಿಕೆಟ್ ಹರಿಯುವವನಂತೆ ಕೈ ಆಡಿಸುತ್ತಿದ್ದೆ. ನೆಂಟರು ಬಂದರೆ ಅವಳನ್ನು ಕರೆದು ಆ ಮಾತನ್ನು ಮತ್ತೆ ಹೇಳಿಸುತ್ತಿದ್ದೆ. ಮೊದಮೊದಲು ಅವಳೂ ನಕ್ಕಳು. ಆಮೇಲೆ ಮಾತು ಚಿಕ್ಕದಾಗುತ್ತ ಬಂತು. ಹೂಂರಿ. ಇಲ್ಲರಿ. ಆತ್ರಿ. ಇಷ್ಟರಲ್ಲೇ ಸಂಸಾರ ನಡೆಸಿದಳು. ಇಷ್ಟರಲ್ಲಿ ಯಾರು ತಪ್ಪು ಹುಡುಕಿಯಾರು?

ಅವಳ ಸ್ವಭಾವವೇ ಹಾಗೆ, ಮಾತು ಕಮ್ಮಿ ಎಂದು ನಾವೆಲ್ಲ ತೀರ್ಮಾನಿಸಿದೆವು. ಅಲ್ಲ. ಅವಳು ಫೋನಿನಲ್ಲಿ ಅಕ್ಕನ ಜೊತೆ ತೆಲುಗಿನಲ್ಲಿ ಮಾತಾಡುವುದನ್ನು ಕೇಳಬೇಕು. ಆ ಕಡೆಯವರು ನಕ್ಕು ಸುಸ್ತಾಗುವುದು ಈ ಕಡೆ ಕೂತವರಿಗೂ ಕೇಳಿಸುತ್ತದೆ. ಅಂಥ ಮಾತುಗಾತಿ ನನ್ನ ಮನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಬಾಯಿ ಕಟ್ಟಿಕೊಂಡು ಬದುಕಿದ್ದಾಳೆ. ನನಗೆ ತೆಲುಗು ಬರುತ್ತಿರಲಿಲ್ಲವೇ? ಬಸ್ಸಿನ ತುಂಬ ಮಾತಾಡುವಷ್ಟು ಬರುತ್ತಿತ್ತು. ಅವಳ ಜೊತೆ ಒಂದು ದಿನವಾದರೂ ಅವಳ ಭಾಷೆಯಲ್ಲಿ ಮಾತಾಡಬಹುದಿತ್ತು. ಮಾತಾಡಲಿಲ್ಲ. ಸೊಸೆ ನಮ್ಮ ಭಾಷೆಗೆ ಬರಬೇಕು, ನಾವು ಅವಳದಕ್ಕೆ ಹೋಗುವುದೆಂದರೇನು?

“ದೆಸೀಯಾ ಬರಿ” ಎಂದೆ ಶ್ರಾವಣಿಗೆ. “ಅಂತಿದ್ದೆ. ದಿನಾ ಅಂತಿದ್ದೆ.”

ಅವಳು ಹೊಡೆದುಹಾಕಿ ಬರೆದಳು. ತಲೆ ಎತ್ತದೆಯೇ ಹೇಳಿದಳು: “ನಂಗ ಗೊತ್ತದ ಮುತ್ಯಾ. ಸಣ್ಣಾಕಿ ಇದ್ದಾಗಿಂದ ಕೇಳೀನಿ.”

ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. ಸೊಸೆ ತಿರುಗಿ ನೋಡಿದಳು. “ನೀರ್ರಿ?” ಎಂದಳು. ಅಷ್ಟೇ. ಹೂಂ ಎಂದೆ. ಕೊಟ್ಟಳು. ಕುಡಿದೆ. ಬಾಯಿಗೆ ಬಂದಿದ್ದ ಮಾತು ನೀರಿನ ಜೊತೆ ಒಳಗೇ ಹೋಯಿತು. ಮಾವನಾದವನು ಸೊಸೆಗೆ ತಪ್ಪಾಯಿತು ಅನ್ನುವ ರೂಢಿ ನಮ್ಮ ಮನೆಗಳಲ್ಲಿ ಎಲ್ಲಿದೆ? ಲೋಟ ಕೊಟ್ಟು ಬಂದುಬಿಟ್ಟೆ.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲೂ ನನ್ನ ಜಾಣತನ ಗಮನಿಸಿದಿರಾ? ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳು ಓದುವುದು ತೆಲುಗು ಪೇಪರು. ಊರಿಗೆಲ್ಲ ತಪ್ಪೊಪ್ಪಿಕೊಂಡು ಅವಳೊಬ್ಬಳಿಗೇ ತಿಳಿಯದ ಹಾಗೆ ನೋಡಿಕೊಂಡಿದ್ದೇನೆ. ಎಂಥ ದೊಡ್ಡ ಮನಸ್ಸು ಎಂದು ದಯವಿಟ್ಟು ನೀವು ಹೊಗಳಬೇಡಿ. ನಾನು ಇನ್ನೂ ಕ್ಷಮೆ ಕೇಳಿಲ್ಲ. ಕೇಳುವ ಧೈರ್ಯ ಬಂದೀತೋ ಇಲ್ಲವೋ, ಅದೂ ಗೊತ್ತಿಲ್ಲ.

ಇಲ್ಲಿಯವರೆಗೆ ಸೊಸೆ ಎಂದೆ, ಶ್ರಾವಣಿಯ ತಾಯಿ ಎಂದೆ. ಮನೆಯಲ್ಲಿ ನಾವು ಇವತ್ತಿಗೂ ಕರೆಯುವುದು ‘ತಾಂಡೂರದಾಕಿ’ ಎಂದೇ. ಕ್ಷಮೆ ಕೇಳುವವನು ಮೊದಲು ಹೆಸರು ಹಿಡಿದು ಕರೆಯಬೇಕಲ್ಲವೇ?

ಆಕೆಯ ಹೆಸರು ಅನಸೂಯ.