ಅವ್ವನ ಮುಖ ನೋಡಿ ಬಂದವಳು

ಅವ್ವ ತೀರಿಕೊಂಡಾಗ ನಾನು ಏಳು ತಿಂಗಳ ಬಸುರಿ. ಬಸುರಿ ಹೆಂಗಸು ಹೆಣ ನೋಡಬಾರದು ಅನ್ನುವುದನ್ನು ನಮ್ಮ ಕಡೆ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಬೀದಿಯಲ್ಲಿ ತಮಟೆ ಕೇಳಿಸಿದ ಕೂಡಲೇ ಬಸುರಿಯರನ್ನು ಒಳಗೆ ಕಳಿಸಿ ಬಾಗಿಲು ಹಾಕುವುದನ್ನು ನೋಡಿಕೊಂಡೇ ಬೆಳೆದಿರುತ್ತೇವೆ. ಅವ್ವನೇ ಎಷ್ಟೋ ಜನರನ್ನು ಹಾಗೆ ಒಳಗೆ ಕಳಿಸಿದ್ದಳು. ಸತ್ತವಳು ಅವ್ವನೇ ಆದರೆ ನಾನು ಎಲ್ಲಿರಬೇಕು ಎಂದು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ.

ಬೆಳಿಗ್ಗೆ ಹಾಲು ಹಾಕಿಸಿಕೊಂಡು ಒಳಗೆ ಬರುವ ಹೊತ್ತಿಗೆ ಅಣ್ಣನ ಫೋನು ಬಂತು. ಅದು ಅವ್ವ ಫೋನು ಮಾಡುವ ಹೊತ್ತು. ದಿನವೂ ಅಷ್ಟು ಹೊತ್ತಿಗೆ ಫೋನು ಮಾಡಿ, "ಎದ್ದಾ? ಏನಾರಾ ಒಟ್ಟೆಗಾಕ್ಕಂಡಾ?" ಎಂದು ಕೇಳಿ, ನಾನು ಉತ್ತರ ಹೇಳುವ ಮೊದಲೇ ತನ್ನ ಸುದ್ದಿ ಶುರು ಮಾಡುತ್ತಿದ್ದಳು. ಹಿಂದಿನ ದಿನ ಹಲ್ಲು ನೋವಿನ ಸುದ್ದಿ. "ಲವಂಗ ಮಡಿಕಂಡಿವ್ನಿ, ಗಲ್ಲಕ್ಕೊಂದು ಟವಲ್ ಕಟ್ಕಂಡಿವ್ನಿ, ನಿಮ್ಮಣ್ಣ ನೋಡಿ ನಗ್ತಾವ್ನೆ" ಅಂದಿದ್ದಳು. ಮಲಗಿದವಳು ಬೆಳಿಗ್ಗೆ ಏಳಲಿಲ್ಲವಂತೆ.

"ನೀನು ಬರಬ್ಯಾಡ ಕಣವ್ವ," ಅಂದ ಅಣ್ಣ. ಅಳುತ್ತಲೇ ಗದರಿಸಿದ. "ಬಂದ್ರೂ ಒಳಕ್ ಬುಡಾಕಿಲ್ಲ. ನಾಳೆ ಕೂಸಿಗೆ ಏನಾರಾ ಆದ್ರೆ ಅವ್ವ ನಮ್ಮನ್ನ ಸುಮ್ಕೆ ಬುಟ್ಟಾಳಾ?"

ನಾವಿರುವುದು ಮಂಡ್ಯದಲ್ಲಿ, ಕಬ್ಬಿನ ಟ್ರಾಕ್ಟರುಗಳು ಓಡಾಡುವ ರಸ್ತೆಗೆ ಅಂಟಿದ ಒಂದು ಬಾಡಿಗೆ ಮನೆಯಲ್ಲಿ. ಅತ್ತೆ ಮಳವಳ್ಳಿ ಕಡೆಯವರು. ನನಗೆ ಐದು ತಿಂಗಳಾದಾಗಿನಿಂದ ನಮ್ಮ ಜೊತೆಯಲ್ಲೇ ಇದ್ದರು. ಅವತ್ತು ಅವರು ನನ್ನನ್ನು ಹಿಡಿದು ಮಂಚದ ಮೇಲೆ ಕೂರಿಸಿ, ಮಗನ ಕಡೆ ತಿರುಗಿ ಹೇಳಿದರು: "ಕೂಸನ್ನಾರಾ ಕರ್ಕಂಡೋಗು ಕಣ್ಲಾ. ಮಗಳ ಕಡೆಯಿಂದ ಒಂದು ಜೀವ ಬ್ಯಾಡ್ವಾ ಅಲ್ಲಿ? ಮೊಮ್ಮಗಳಾದ್ರೂ ಮಕ ನೋಡ್ಲಿ."

ಹೀಗೆ ನನ್ನ ಬದಲು ನನ್ನ ಆರು ವರ್ಷದ ಮಗಳು ಹೋದಳು. ಶಾಲೆಯ ಯೂನಿಫಾರ್ಮು ಹಾಕಿ ಆಗಿತ್ತು. ಅದನ್ನು ಬಿಚ್ಚಿ ಬೇರೆ ಫ್ರಾಕು ಹಾಕಿದೆ. ಬೈಕಿನ ಮೇಲೆ ಅಪ್ಪನ ಸೊಂಟ ಹಿಡಿದುಕೊಂಡು, "ಅಜ್ಜಿಗೆ ಏನು ಹೇಳಲಿ?" ಎಂದು ಕೇಳಿದಳು. ನನಗೆ ಏನೂ ಹೇಳಲಾಗಲಿಲ್ಲ.

ಬಾಗಿಲು ಹಾಕಿಕೊಂಡು ನಾನೂ ಅತ್ತೆಯೂ ಕೂತೆವು. "ಅಳು, ಬ್ಯಾಡ ಅನ್ನಲ್ಲ. ಒಟ್ಟೆ ಅದುಮ್ಕಂಡು ಅಳಬ್ಯಾಡ," ಅಂದರು ಅತ್ತೆ. ಸ್ವಲ್ಪ ಹೊತ್ತಾದ ಮೇಲೆ ನಾನು ಗಂಡನಿಗೆ ಫೋನು ಮಾಡಿ ವಿಡಿಯೊ ಕಾಲ್ ಮಾಡಿ ಅಂದೆ. ಒಂದು ಸಲ ಮುಖ ತೋರಿಸಿದರೆ ಸಾಕು, ಮತ್ತೇನೂ ಕೇಳುವುದಿಲ್ಲ ಅಂದೆ. ಅವರು ಅವ್ವನ ಬೀದಿಯ ತಿರುವಿನಲ್ಲಿ ಹುಣಸೆ ಮರದ ಕೆಳಗೆ ನಿಂತಿದ್ದರು. ಬಸುರಿಯ ಗಂಡ ಹೆಣಕ್ಕೆ ಹೆಗಲು ಕೊಡುವಂತಿಲ್ಲ. "ನನ್ನನ್ನೂ ಅತ್ಲಾಗೆ ಬುಡ್ತಿಲ್ಲ ಕಣೆ," ಅಂದರು. "ಕೂಸನ್ನ ನಿಮ್ಮತ್ತಿಗೆ ಕರ್ಕಂಡೋದ್ರು." ಆಮೇಲೆ ಯಾರಿಗೋ ಫೋನು ಕೊಟ್ಟು ಕಳಿಸಲು ನೋಡಿದರು. ಒಬ್ಬ ಮುದುಕಿಯ ದನಿ ಕೇಳಿಸಿತು. "ಫೋನಲ್ಲಿ ನೋಡುದ್ರೂ ನೋಡ್ದಂಗೇ ಅಲ್ವೇನಪ್ಪಾ? ಓದಿರೋನು ನೀನು, ಅಷ್ಟೂ ಗೊತ್ತಾಗಾಕಿಲ್ವಾ? ಮಡುಗು ಅದ, ಜೇಬ್ಗೆ ಮಡುಗು!"

ಅಲ್ಲಿಗೆ ಮುಗಿಯಿತು.

ಸಂಜೆ ಮಗಳು ಬಂದಳು. ಸ್ನಾನ ಮಾಡಿಸಿ, ಯಾರದೋ ದೊಡ್ಡ ಫ್ರಾಕು ಹಾಕಿ ಕಳಿಸಿದ್ದರು. ಕೂದಲು ಇನ್ನೂ ಹಸಿಯಾಗಿತ್ತು. ನಾನು ಅವಳನ್ನು ಹತ್ತಿರ ಎಳೆದುಕೊಂಡು ಕಣ್ಣನ್ನೇ ನೋಡಿದೆ. ಸ್ವಲ್ಪ ಹೊತ್ತಿನ ಮುಂಚೆ ಅವ್ವನನ್ನು ನೋಡಿದ ಕಣ್ಣು. ಈ ಮನೆಯಲ್ಲಿ ಮತ್ತೆ ಯಾರ ಕಣ್ಣಿಗೂ ಅವ್ವ ಸಿಕ್ಕಿರಲಿಲ್ಲ.

"ಅಜ್ಜಿ ಹೆಂಗಿತ್ತು ಪುಟ್ಟಿ?" ಎಂದು ಕೇಳಿದೆ.

ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದಲೇ ಹೇಳಿದಳು: "ಹೇಳಂಗಿಲ್ಲ. ಬೆಳ್ಳೂರತ್ತೆ ಹೇಳಿದ್ದಾರೆ. ಹೇಳಿದ್ರೆ ಹೊಟ್ಟೇಲಿರೋ ಪಾಪ ಹೆದರ್ಕೊಳ್ಳುತ್ತೆ."

ಬೆಳ್ಳೂರತ್ತೆ ಅಂದರೆ ನನ್ನ ಅಣ್ಣನ ಹೆಂಡತಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನಾನು ಅವರಿಗೆ ಫೋನು ಮಾಡಿ ಕೇಳಿದಾಗ, "ನಿದ್ದೆ ಮಾಡ್ದಂಗಿತ್ತು ಕಣವ್ವ," ಅಂದರು. ಅಣ್ಣನನ್ನು ಕೇಳಿದರೆ ಅವನೂ ಅದನ್ನೇ ಹೇಳಿದ. ನಮ್ಮೂರಿನಲ್ಲಿ ಸತ್ತವರೆಲ್ಲರೂ ನಿದ್ದೆ ಮಾಡಿದ ಹಾಗೇ ಇರುತ್ತಾರೆ. ನನ್ನ ಅಪ್ಪ ಸತ್ತಾಗಲೂ ಅದೇ ಮಾತು ಹೇಳಿದ್ದರು. ಅವನ ಮುಖ ಹಾಗಿರಲಿಲ್ಲವೆಂದು ನಾನು ಕಣ್ಣಾರೆ ನೋಡಿದ್ದೆ. ಅದಕ್ಕೇ ನನಗೆ ದೊಡ್ಡವರ ಮಾತು ಬೇಕಿರಲಿಲ್ಲ.

ಆಮೇಲಿನ ದಿನಗಳು ಬೇರೆಯವರ ಮನೆಯ ದಿನಗಳ ಹಾಗೇ ನಡೆದವು. ನೀರು ಬಿಡುವ ದಿನ ಕೊಡ ತುಂಬಿಸುವುದು, ಮಗಳ ಡಬ್ಬಿಗೆ ಚಿತ್ರಾನ್ನ, ಗೋಡೆಗೆ ಕೈ ಕೊಟ್ಟು ಏಳುವುದು, ಕೂರುವುದು. ನನಗೆ ಬಗ್ಗಲು ಆಗದೆ ಮಗಳು ತನ್ನ ಶೂ ತಾನೇ ಹಾಕಿಕೊಳ್ಳುವುದನ್ನು ಕಲಿತಳು. ಎಡದ್ದು ಬಲಕ್ಕೆ ಹೋಗುತ್ತಿತ್ತು. "ಪಾಪ ಬಂದ ಮೇಲೆ ಅದಕ್ಕೂ ನಾನೇ ಹಾಕ್ತೀನಿ," ಎನ್ನುತ್ತಿದ್ದಳು. ಎಂಟು ಗಂಟೆಗೆ ಆಟೊ ಬಂದು ಹಾರ್ನ್ ಹೊಡೆದರೆ ಓಡುತ್ತಿದ್ದಳು. ಬಾಗಿಲಲ್ಲಿ ನಿಂತಿರುತ್ತಿದ್ದೆ. ಹಾಲು ಹಾಕಿಸಿಕೊಳ್ಳುವ ಹೊತ್ತಿನಿಂದಲೂ ನನ್ನ ಕೈ ಫೋನಿನ ಮೇಲೆ ಇರುತ್ತಿತ್ತು. ಅವ್ವನ ನಂಬರಿನಿಂದ ಇನ್ನು ಕರೆ ಬರುವುದಿಲ್ಲವೆಂದು ಕೈಗೆ ಗೊತ್ತಾಗಲು ಬಹಳ ದಿನ ಬೇಕಾಯಿತು.

ಪಕ್ಕದ ಮನೆಯವರು, ಅಂಗಡಿಯವರು, ಶಾಲೆಯ ಗೇಟಿನ ಹತ್ತಿರ ಸಿಕ್ಕುವ ತಾಯಂದಿರು, ಎಲ್ಲರೂ ಹೊಟ್ಟೆ ನೋಡಿ ಒಂದೇ ಮಾತು ಹೇಳುತ್ತಿದ್ದರು. "ಬುಡಮ್ಮ, ನಿಮ್ಮವ್ವನೇ ಉಟ್ಟಿ ಬತ್ತಾಳೆ." ನಾನು ಹೂಂ ಅನ್ನುತ್ತಿದ್ದೆ. ಅವ್ವ ಮಗುವಾಗಿ ಬರುವುದು ನನಗೆ ಬೇಕಿರಲಿಲ್ಲ. ನನಗೆ ಅವ್ವ ಅವ್ವನಾಗಿಯೇ ಬೇಕಿತ್ತು. ಗಂಡನಿಗೆ ಇದನ್ನು ಹೇಳಿದರೆ ಅವರು ಬೆನ್ನ ಮೇಲೆ ಕೈ ಇಡುತ್ತಿದ್ದರು. ಅವರಾದರೂ ಮತ್ತೇನು ಮಾಡುತ್ತಾರೆ?

ತಿಥಿ ಕಳೆದು, ಮನೆ ತೊಳೆದು ಸುಣ್ಣ ಬಳಿದ ಮೇಲೆ ಒಂದು ಭಾನುವಾರ ಕಾರು ಮಾಡಿಕೊಂಡು ನನ್ನನ್ನು ನಮ್ಮೂರು ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋದರು. ಮದ್ದೂರು ದಾಟಿದ ಮೇಲೆ ಮಗಳು ಕಿಟಕಿಗೆ ಅಂಟಿಕೊಂಡಳು. ಪ್ರತಿ ಸಲವೂ ಮೊದಲ ಕೊಕ್ಕರೆಯನ್ನು ಯಾರು ನೋಡುತ್ತಾರೆ ಎಂದು ನಮ್ಮಿಬ್ಬರಿಗೆ ಪಂದ್ಯ. ಅವತ್ತು ಅವಳು ಕೂಗಲಿಲ್ಲ. ಸುಮ್ಮನೆ ಬೆರಳು ಮಾಡಿ ತೋರಿಸಿದಳು.

ಅದು ಅವು ಮರಿ ಮಾಡುವ ಕಾಲ. ನಮ್ಮ ಹಿತ್ತಿಲ ಹುಣಸೆ ಮರದ ತುಂಬ ಗೂಡು, ಕೆಳಗೆಲ್ಲ ಬೆಳ್ಳಗೆ ಹಿಕ್ಕೆ, ಊರಿಗೆಲ್ಲ ಮೀನಿನ ವಾಸನೆ. ಮೊದಲನೆಯ ಬಾಣಂತನ ನನಗೆ ಈ ವಾಸನೆಯಲ್ಲೇ ಆಗಿತ್ತು. ಎರಡನೆಯದು ಗಂಡನ ಮನೆಯಲ್ಲೇ ಆಗಲಿ ಎಂದು ನಾನು ಹೇಳಿದಾಗ ಅವ್ವ ರೇಗಿದ್ದಳು. "ಆ ಕೊಕ್ಕರೆಗಳು ಯಾವ್ಯಾವ ದೇಸದಿಂದ್ಲೋ ನಮ್ಮನೆಗೆ ಬಾಣಂತನಕ್ಕೆ ಬತ್ತವೆ. ನೀನು ಮಂಡ್ಯದಿಂದ ಬರಾಕಾಗಾಕಿಲ್ವಾ? ಬಸ್ಸಿಲ್ವಾ ನಿಂಗೆ?"

ಬಂದೆ. ಜಗುಲಿ ಖಾಲಿ ಇತ್ತು.

ನಾವು ಬರುತ್ತೇವೆಂದು ಗೊತ್ತಾದರೆ ಅವ್ವ ಬೆಳಗಿನಿಂದಲೇ ಆ ಜಗುಲಿಯ ಮೇಲೆ, ಕಂಬಕ್ಕೆ ಬೆನ್ನು ಕೊಟ್ಟು, ರಸ್ತೆ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಬಸ್ಸು ಇನ್ನೂ ಮದ್ದೂರಿನಲ್ಲೇ ಇದ್ದರೂ ಅವಳು ಮಾತ್ರ ಅಲ್ಲಿ ಹಾಜರು. ಮಗಳು ಕಾರಿನಿಂದ ಇಳಿದು ಮೆಟ್ಟಿಲು ಹತ್ತಿದಳು. ಯಾವಾಗಲೂ ಜಗುಲಿಯ ಮೇಲೆ ಒಂದೇ ಓಟ ಓಡುವವಳು ಕಂಬದ ಹತ್ತಿರ ನಿಂತು, ಒಂದು ಜಾಗವನ್ನು ಬಳಸಿಕೊಂಡು, ಗೋಡೆಯ ಅಂಚಿನಲ್ಲಿ ನಡೆದು ಒಳಗೆ ಹೋದಳು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಜಗುಲಿಯ ಮೇಲೆ ಕೂರಿಸುತ್ತಾರೆ. ಎಲ್ಲಿ ಕೂರಿಸಿದ್ದರು ಎಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ. ಅವಳ ಪುಟ್ಟ ಕಾಲು ತೋರಿಸಿಕೊಟ್ಟಿತ್ತು. ನಾನೂ ಆ ಜಾಗವನ್ನು ಬಳಸಿಕೊಂಡೇ ಒಳಗೆ ಹೋದೆ.

ಹೊರಡುವಾಗ ಅತ್ತಿಗೆ ಒಂದು ಬಟ್ಟೆಯ ಗಂಟು ಕೊಟ್ಟರು. ಅವ್ವ ತನ್ನ ಹಳೆಯ ನೂಲಿನ ಸೀರೆಗಳನ್ನು ಒಗೆದು ಒಗೆದು ಮೆದುವಾಗಿಸಿ, ಮಗುವಿಗೆಂದು ಚೌಕ ಚೌಕವಾಗಿ ಹರಿದಿಟ್ಟಿದ್ದಳು. ಮನೆಗೆ ತಂದಾಗ ಅತ್ತೆ ಅದನ್ನು ಕಂಡು ಹೌಹಾರಿದರು. "ಸತ್ತೋರ ಬಟ್ಟೆಯ ಕೂಸ್ಗೆ ಸುತ್ತಾರೇನವ್ವ? ಯಾರಾರಾ ಕೇಳುದ್ರೆ ಮಕಕ್ಕೆ ಉಗೀತಾರೆ." ಗಂಟು ಬೀರುವಿನ ಮೇಲೆ ಕೂತಿತು.

ಒಂದು ಬೆಳಿಗ್ಗೆ ತಲೆ ಬಾಚುತ್ತಾ ಮಗಳನ್ನು ಮತ್ತೆ ಕೇಳಿದೆ. ಜಡೆಯನ್ನು ಮೂರು ಭಾಗ ಮಾಡಿ ಹೆಣೆಯುವುದನ್ನು ಅವ್ವನ ಕೈಯಿಂದಲೇ ಕಲಿತದ್ದು. ಹಾಗಾಗಿ ಜಡೆ ಹಾಕುವಾಗ ಅವ್ವ ಹೆಚ್ಚು ನೆನಪಾಗುತ್ತಿದ್ದಳು.

"ಕಿವೀಲಿ ಹೇಳು ಪುಟ್ಟಿ. ಮೆಲ್ಲಗೆ. ಪಾಪಂಗೆ ಕೇಳಿಸಲ್ಲ."

"ಕೇಳಿಸುತ್ತೆ."

"ಹೆಂಗೆ ಕೇಳಿಸುತ್ತೆ?"

"ನಿನ್ನ ಕಿವಿಯೊಳಕ್ಕೆ ಹೋಗಿದ್ದು ಹೊಟ್ಟೆಗೆ ಇಳಿಯುತ್ತಲ್ಲ," ಅಂದಳು.

"ಒಂದೇ ಒಂದು ಮಾತು ಹೇಳು. ನನ್ನ ಚಿನ್ನ ಅಲ್ವಾ?"

ಅವಳ ಭುಜ ಅಲುಗಾಡತೊಡಗಿತು. ಮುಂದೆ ಬಗ್ಗಿ ನೋಡಿದರೆ ಬಾಯಿ ಬಿಗಿಹಿಡಿದುಕೊಂಡು ಅಳುತ್ತಿದ್ದಳು. ಹೇಳಲು ಇಷ್ಟವಿಲ್ಲದೆ ಅಳುತ್ತಿರಲಿಲ್ಲ. ಹೇಳಬೇಕೆಂದು ಆಸೆಯಾಗಿಯೇ ಅಳುತ್ತಿದ್ದಳು. ಅಷ್ಟು ದಿನ ಇದನ್ನು ಹೊತ್ತವಳು ನಾನೊಬ್ಬಳೇ ಎಂದುಕೊಂಡಿದ್ದೆ. ಅವಳೂ ಅದನ್ನು ಹೊತ್ತುಕೊಂಡು ಶಾಲೆಗೆ ಹೋಗಿ ಬರುತ್ತಿದ್ದಳು. ಆಮೇಲೆ ನಾನು ಕೇಳಲಿಲ್ಲ. ರಿಬ್ಬನ್ನು ಕಟ್ಟಿ ಕಳಿಸಿದೆ. ಆಟೊ ಹೋದ ಮೇಲೆ ಒಳಗೆ ಬಂದು, ಬಾಚಣಿಗೆಯಿಂದ ಅವಳ ಕೂದಲು ಬಿಡಿಸುತ್ತಾ ಬಹಳ ಹೊತ್ತು ಕೂತಿದ್ದೆ.

ಬೇಸಿಗೆ ರಜೆ ಶುರುವಾದ ಮೇಲೆ ಹೆರಿಗೆಯಾಯಿತು. ಗಂಡು ಮಗು. ಅವ್ವನೇ ಹುಟ್ಟಿ ಬರುತ್ತಾಳೆ ಎಂದವರೆಲ್ಲ ಆಸ್ಪತ್ರೆಗೆ ಬಂದು ಮಗುವಿನ ಮೂಗನ್ನಷ್ಟೇ ಹೊಗಳಿ ಹೋದರು. ಹೆರಿಗೆಯಾದ ದಿನ ಅತ್ತೆ ಮನೆಗೆ ಹೋಗಿ ಬಂದರು. ಬರುವಾಗ ಕೈಚೀಲದಲ್ಲಿ ಅವ್ವನ ಆ ಗಂಟು ಇತ್ತು. ಬಿಸಿನೀರಿಗೆ ಹಾಕಿ, ಬಿಸಿಲಿಗೆ ಒಣಗಿಸಿ ತಂದಿದ್ದರು. "ಸಾಯಾಕ್ ಮುಂಚೆ ಅರಿದಿಟ್ಟವ್ಳೆ. ಅರಿದ ಮ್ಯಾಲೆ ಅದು ಸೀರೆಯಲ್ಲ, ಕೂಸಿನ ಬಟ್ಟೆ. ಯಾವೋಳು ಬಂದು ಕೇಳಾಳು, ಕೇಳ್ಲಿ," ಎಂದು ತಮಗೆ ತಾವೇ ಹೇಳಿಕೊಂಡು ಮಗುವಿಗೆ ಸುತ್ತಿದರು. ನೀಲಿಯ ಮೇಲೆ ಸಣ್ಣ ಬಿಳಿ ಚುಕ್ಕೆ. ಅವ್ವ ಅದನ್ನು ಉಟ್ಟು ರಾಗಿ ಕೇರುತ್ತಿದ್ದದ್ದು ನೆನಪಿಗೆ ಬಂತು. ಮುಖ ಮಾತ್ರ ಸರಿಯಾಗಿ ಬರಲಿಲ್ಲ.

ಮರುದಿನ ಮಧ್ಯಾಹ್ನ ಗಂಡ ಮಗಳನ್ನು ಕರೆದುಕೊಂಡು ಬಂದರು. ಅವಳು ಮಂಚದ ಹತ್ತಿರ ಬಂದು ಮಗುವನ್ನು ನೋಡಿದಳು, ಆಮೇಲೆ ನನ್ನ ಹೊಟ್ಟೆಯನ್ನು ನೋಡಿದಳು. ಮೆಲ್ಲಗೆ ಹೊಟ್ಟೆಯ ಮೇಲೆ ಕೈ ಇಟ್ಟು ಪರೀಕ್ಷೆ ಮಾಡಿದಳು. ಗಂಡ ಔಷಧಿ ತರಲು ಕೆಳಗೆ ಹೋಗಿದ್ದರು. ಅತ್ತೆ ಕಿಟಕಿಯ ಕೆಳಗೆ ಚಾಪೆ ಹಾಕಿ ಮಲಗಿದ್ದರು.

"ಅಮ್ಮಾ, ಪಾಪ ಪೂರ್ತಿ ಆಚೆ ಬಂತಲ್ಲ?"

"ಬಂತು."

"ಒಳಗೆ ಇನ್ನೊಂದಿಲ್ಲ ಅಲ್ವಾ?"

"ಇಲ್ಲ ಕಣೆ."

"ಹಂಗಾದ್ರೆ ಈಗ ಹೇಳಲಾ?"

ನಾನು ತಲೆಯಾಡಿಸಿದೆ. ಅವಳು ಚಪ್ಪಲಿ ಬಿಟ್ಟು ಮಂಚ ಹತ್ತಿ, ನನ್ನ ಕಿವಿಗೆ ಬಾಯಿ ತಂದಳು. ಮಗುವಿಗೆ ಕೇಳಿಸದಿರಲಿ ಎಂದು ಕೈ ಅಡ್ಡ ಹಿಡಿದಳು.

"ಅಜ್ಜಿಗೆ ಹಲ್ಲು ನೋವು ಹೋಗಿರ್ಲಿಲ್ಲ. ಗಲ್ಲಕ್ಕೆ ಬಟ್ಟೆ ಕಟ್ಟಿದ್ರು. ಬಿಳೀದು. ತಲೆ ಮೇಲೆ ಗಂಟು ಹಾಕಿದ್ರು. ಹಣೆಗೆ ಕಾಸು ಅಂಟಿಸಿದ್ರು. ಕಂಬದ ಹತ್ರ ಕೂತಿತ್ತು, ನಾವು ಬರ್ತೀವಿ ಅಂದ್ರೆ ಕೂತಿರುತ್ತಲ್ಲ, ಹಂಗೇ."

"ಕಣ್ಣು ಮುಚ್ಚಿತ್ತಾ?"

"ಒಂದು ಮುಚ್ಚಿತ್ತು. ಇನ್ನೊಂದು ಇಷ್ಟೇ ಇಷ್ಟು ಬಿಟ್ಟಿತ್ತು." ಬೆರಳಿನಲ್ಲಿ ಅಳತೆ ತೋರಿಸಿದಳು. "ರಸ್ತೆ ನೋಡ್ತಿತ್ತು. ಬೆಳ್ಳೂರತ್ತೆ ಎರಡು ಸಲ ಮುಚ್ಚಿದ್ರು. ಅದು ಮತ್ತೆ ಬಿಡ್ತಿತ್ತು."

ನಿದ್ದೆ ಮಾಡಿದ ಹಾಗಿರಲಿಲ್ಲ, ಹಾಗಾದರೆ. ಈಗ ಅವ್ವನ ಮುಖ ನನಗೆ ಕಂಡಿತು. ಗಲ್ಲ ಕಟ್ಟಿದ, ಒಂದು ಕಣ್ಣು ಅರೆ ತೆರೆದ, ಬಸ್ಸು ಇನ್ನೂ ಬರಲಿಲ್ಲವಲ್ಲ ಎಂದು ಸಿಟ್ಟು ಮಾಡಿಕೊಂಡ ಅವ್ವ.

"ನಾನು ಅಜ್ಜಿಗೆ ಹೇಳಿದೆ," ಅಂದಳು ಮಗಳು.

"ಏನು ಹೇಳಿದೆ?"

"ಅಮ್ಮ ಬರಲ್ಲ ಅಜ್ಜಿ, ಪಾಪ ಹೆದರ್ಕೊಳ್ಳುತ್ತೆ, ಅದಕ್ಕೇ ನಾನು ಬಂದಿದೀನಿ ಅಂತ."

ಅವತ್ತು ಬೈಕಿನ ಮೇಲೆ ಕೂತು ಅಜ್ಜಿಗೆ ಏನು ಹೇಳಲಿ ಎಂದು ಅವಳು ಕೇಳಿದ್ದಳು. ನಾನು ಉತ್ತರ ಕೊಟ್ಟಿರಲಿಲ್ಲ. ಅವಳೇ ಒಂದು ಉತ್ತರ ಹುಡುಕಿಕೊಂಡು ತಲುಪಿಸಿ ಬಂದಿದ್ದಳು.

"ಅದಕ್ಕೆ ಅಜ್ಜಿ ಏನಂತು?" ಎಂದು ಕೇಳಿಬಿಟ್ಟೆ.

ಮಗಳು ಕಿವಿಯಿಂದ ಬಾಯಿ ತೆಗೆದು, ಇಷ್ಟೂ ಗೊತ್ತಿಲ್ಲವಲ್ಲ ಎನ್ನುವ ಹಾಗೆ ನನ್ನನ್ನು ನೋಡಿದಳು.

"ಸತ್ತೋದ್ಮೇಲೆ ಮಾತಾಡಲ್ಲ ಕಣಮ್ಮ," ಅಂದಳು.

ಚಾಪೆಯ ಕಡೆಯಿಂದ ಅತ್ತೆಯ ದನಿ ಬಂತು. "ಏನವ್ವ ಅದು ಅಳೋದು? ಬಾಣಂತಿ ಅಳಬಾರ್ದು, ಕಣ್ಣು ಓಯ್ತವೆ." ಆಮೇಲೆ ಗೋಡೆ ಕಡೆ ಹೊರಳಿಕೊಂಡು, "ಅತ್ತು ಮುಗಿಸು ಬೇಗ," ಅಂದರು.

ಮಗಳು ನನ್ನ ಮೇಲಿಂದ ಬಗ್ಗಿ, ನೀಲಿ ಬಟ್ಟೆಯನ್ನು ಸರಿಸಿ, ಪಾಪ ಹೆದರಿಕೊಂಡಿತೇನೋ ಎಂದು ನೋಡಿದಳು. ಅದು ಬಾಯಿ ಚಪ್ಪರಿಸುತ್ತಾ ಮಲಗಿತ್ತು.