ತಿಳಿಸಲು ಹರ್ಷಿಸುತ್ತೇವೆ

ನನ್ನ ತಂಗಿಯ ಗಂಡನಿಗೆ ತಂದೆತಾಯಿ ಇಟ್ಟ ಹೆಸರು ಒಂದಿದೆ. ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ವಿಶ್ವವಿದ್ಯಾಲಯದ ಗೇಟಿನಿಂದ ಹಿಡಿದು ಹಿಂಭಾಗದ ಕಸದ ಗುಂಡಿಯವರೆಗೆ ಎಲ್ಲರೂ ಅವರನ್ನು ಕರೆಯುವುದು ‘ಹರ್ಷ ಸಾರ್’ ಎಂದೇ. ಮಾಹಿತಿ ವಿಭಾಗದಲ್ಲಿ ಕೂತು ವಾರಕ್ಕೊಂದು ಪ್ರಕಟಣೆ ಬರೆಯುವುದು ಅವರ ಕೆಲಸ. ‘ತಿಳಿಸಲು ಹರ್ಷಿಸುತ್ತೇವೆ’ ಎನ್ನದೆ ಅವರ ಯಾವ ಪ್ರಕಟಣೆಯೂ ಇಂದಿನವರೆಗೆ ಹೊರಬಿದ್ದಿಲ್ಲ. ಕುಲಸಚಿವರ ತಾಯಿ ತೀರಿಕೊಂಡಾಗಲೂ ಹರ್ಷಿಸಿಯೇ ಶುರುಮಾಡಿದ್ದರು. ಯಾರೋ ಪುಣ್ಯಾತ್ಮರು ಗೋಡೆಗೆ ಅಂಟಿಸುವ ಮುಂಚೆ ನೋಡಿದರು, ಮಾನ ಉಳಿಯಿತು.

ಅವರ ಪ್ರಪಂಚದಲ್ಲಿ ಏನೂ ಕೆಡುವುದಿಲ್ಲ, ಏನೂ ನಿಲ್ಲುವುದಿಲ್ಲ, ಯಾವುದೂ ಮುಚ್ಚುವುದಿಲ್ಲ. ಗ್ರಂಥಾಲಯದ ಲಿಫ್ಟ್ ಕೆಟ್ಟು ನಿಂತಾಗ ಹೀಗೆ ಬರೆದರು: “ಲಿಫ್ಟ್ ಸೇವೆಯು ನವಚೈತನ್ಯ ಪಡೆಯುವ ಹಂತಕ್ಕೆ ಕಾಲಿಟ್ಟಿದೆಯೆಂದು ತಿಳಿಸಲು ಹರ್ಷಿಸುತ್ತೇವೆ. ಓದುಗರು ಈ ಸುಸಂದರ್ಭದಲ್ಲಿ ಮೆಟ್ಟಿಲುಗಳೊಂದಿಗಿನ ತಮ್ಮ ಹಳೆಯ ಬಾಂಧವ್ಯವನ್ನು ಬೆಸೆದುಕೊಳ್ಳಬಹುದು.” ಇತಿಹಾಸದ ಮುದಿ ಪ್ರೊಫೆಸರರೊಬ್ಬರು ಇದನ್ನು ಓದಿ ಹೊಸ ಲಿಫ್ಟ್ ಬಂತೆಂದು ತಿಳಿದು, ಗುಂಡಿ ಒತ್ತಿಕೊಂಡು ಅರ್ಧ ಬೆಳಗು ಅದರ ಮುಂದೆ ನಿಂತಿದ್ದರು. ಹಾಸ್ಟೆಲಿನ ನೀರು ನಿಲ್ಲಿಸುವ ದಿನ “ಜಲಸೇವೆಯು ಅಲ್ಪವಿರಾಮದ ಘನತೆಯನ್ನು ಅನುಭವಿಸಲಿದೆ” ಎಂದು ಬರೆದರು. ಆ ಘನತೆಯನ್ನು ನಿಜವಾಗಿ ಅನುಭವಿಸಿದವರು ತಲೆ ತುಂಬ ಸೋಪಿನ ನೊರೆ ಹಚ್ಚಿಕೊಂಡು ಕಾರಿಡಾರಿನಲ್ಲಿ ಕುಣಿದಾಡಿದ ಹುಡುಗರು.

ಯಾರಾದರೂ ಫೋನ್ ಮಾಡಿ “ಸಾರ್, ನಾಳೆ ಕ್ಯಾಂಪಸ್ ಬಸ್ ಇದೆಯೋ ಇಲ್ಲವೋ?” ಎಂದು ಕೇಳಿದರೆ ಹರ್ಷ ಸಾರ್‌ಗೆ ಮೈಯೆಲ್ಲ ಉರಿಯುತ್ತದೆ.

“ಪ್ರಕಟಣೆ ಓದಿಲ್ವಾ?”

“ಓದಿದ್ಮೇಲೇ ಫೋನ್ ಮಾಡ್ತಾ ಇರೋದು ಸಾರ್.”

“ಹಾಗಾದ್ರೆ ಇನ್ನೊಂದ್ಸಲ ಓದಿ. ಭಾಷೆ ಅನ್ನೋದು ಒಂದೇ ಸಲಕ್ಕೆ ಕೈಗೆ ಸಿಗೋಕೆ ಅದೇನು ಬಾಗಿಲ ಚಿಲಕವೇ?”

ನಾನು ಅದೇ ಕ್ಯಾಂಪಸ್ಸಿನ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ನಡುವೆ ಒಂದು ತೆಳು ಗೋಡೆ. ಈ ಮಾತುಕತೆ ದಿನಕ್ಕೆ ಹತ್ತು ಸಲ ನನ್ನ ಕಿವಿಗೆ ಬೀಳುತ್ತದೆ. ಆ ಗೋಡೆಗೆ ಇನ್ನೊಂದು ವರಸೆ ಇಟ್ಟಿಗೆ ಇಡಿಸಿ ಎಂದು ಅರ್ಜಿ ಕೊಟ್ಟಿದ್ದೆ. ಅದಕ್ಕೆ ಉತ್ತರ ಬರೆದವರೂ ಹರ್ಷ ಸಾರೇ. ಒಪ್ಪಿಗೆ ಕೊಟ್ಟರೋ ಇಲ್ಲವೋ ನನಗೆ ಇನ್ನೂ ಗೊತ್ತಾಗಿಲ್ಲ.

ತಂಗಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮಾತ್ರೆಯ ಪೊಟ್ಟಣದ ಮೇಲೆ ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ’ ಎಂದು ದಪ್ಪಕ್ಷರದಲ್ಲಿ ಬರೆದು ಕೊಡುವುದು ಅವಳ ಪಾಲಿನ ಸಾಹಿತ್ಯ. ಗಂಡನ ಬರಹದ ಬಗ್ಗೆ ಅವಳ ವಿಮರ್ಶೆ ಒಂದೇ: “ನಾನೂ ನಿಮ್ಮ ಹಾಗೆ ಬರೆದಿದ್ರೆ ಇಷ್ಟೊತ್ತಿಗೆ ಅರ್ಧ ಊರು ಮೇಲಕ್ಕೆ ಹೋಗಿರ್ತಿತ್ತು.” ಹರ್ಷ ಸಾರ್ ಇದನ್ನು ಕೇಳಿಸಿಕೊಳ್ಳುವುದಿಲ್ಲ. ಅಂಗಡಿಯವರ ಭಾಷೆಯೇ ಬೇರೆ, ಸಂಸ್ಥೆಯ ಭಾಷೆಯೇ ಬೇರೆ ಎಂಬುದು ಅವರ ಸಿದ್ಧಾಂತ.

ಇವರಿಬ್ಬರಿಗೆ ಒಬ್ಬಳೇ ಮಗಳು. ಅದೇ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಓದುತ್ತಿದ್ದಾಳೆ. ತಾಯಿಯ ಬಾಯಿ, ತಾಯಿಯದೇ ತಲೆ. ಅಪ್ಪನಿಂದ ಬಂದದ್ದು ದಪ್ಪ ಹುಬ್ಬು ಮಾತ್ರ. ಕಳೆದ ವರ್ಷದಿಂದಲೂ ಅವಳ ಬಾಯಲ್ಲಿ ಒಂದೇ ಮಾತು. ನೀರಿನ ಲ್ಯಾಬಿನಲ್ಲಿ ಬೇಸಿಗೆ ರಜೆಗೆ ವಿದ್ಯಾರ್ಥಿಗಳನ್ನು ಸಂಶೋಧನೆಗೆ ತೆಗೆದುಕೊಳ್ಳುತ್ತಾರೆ, ಕೆರೆ, ಬಾವಿ, ನಲ್ಲಿಗಳ ನೀರು ತಂದು ಪರೀಕ್ಷೆ ಮಾಡಿಸುತ್ತಾರೆ, ಅಲ್ಲೊಂದು ಬೇಸಿಗೆ ಕೆಲಸ ಮಾಡಿದವರಿಗೆ ಮುಂದೆ ಅದೇ ವಿಷಯ ಓದಲು ಬಾಗಿಲು ತೆರೆಯುತ್ತದೆ ಎಂದು. ಮಿಕ್ಕ ಹುಡುಗಿಯರು ಮೊಬೈಲಿನಲ್ಲಿ ಬಟ್ಟೆ ನೋಡುವ ಹೊತ್ತಿನಲ್ಲಿ ಇವಳು ನೀರಿನ ಪೈಪುಗಳ ತುಕ್ಕಿನ ಫೋಟೋ ನೋಡುತ್ತಿದ್ದಳು.

“ಅಪ್ಪಾ, ನೀರಿನ ಲ್ಯಾಬಿಂದು ಬಂತಾ?” ಎಂದು ಮಾರ್ಚಿನಿಂದಲೇ ಕೇಳುತ್ತಿದ್ದಳು.

“ನೋಡಮ್ಮ, ಮನೆಯವರಿಗೆ ಮೊದಲೇ ಹೇಳಿದ್ರೆ ಅದು ಅಧಿಕಾರ ದುರುಪಯೋಗ. ಎಲ್ಲರ ಹಾಗೆ ನೀನೂ ಪ್ರಕಟಣೆ ಓದು,” ಎಂದರು ಹರ್ಷ ಸಾರ್. ದುರುಪಯೋಗ ಮಾಡಿಕೊಳ್ಳುವಷ್ಟು ಅಧಿಕಾರ ತಮಗಿದೆ ಎಂದು ನೆನೆಸಿಕೊಂಡೇ ಆ ರಾತ್ರಿ ಸೊಗಸಾಗಿ ನಿದ್ದೆ ಮಾಡಿರಬೇಕು.

ಅವಳು ಓದಿದಳು. ಇಡೀ ಕ್ಯಾಂಪಸ್ಸಿನಲ್ಲಿ ಆ ಪ್ರಕಟಣೆಯನ್ನು ಕೊನೆಯ ಸಾಲಿನವರೆಗೆ ಓದಿದವಳು ಅವಳೊಬ್ಬಳೇ ಇರಬಹುದು. ಅದರಲ್ಲಿ ಇದ್ದದ್ದು ಇಷ್ಟು: “ಜಲವೇ ಜೀವನವೆಂಬ ಅರಿವಿನ ಬೆಳಕಿನಲ್ಲಿ, ನಮ್ಮ ಜಲ ಪ್ರಯೋಗಾಲಯವು ಈ ಬೇಸಿಗೆಯುದ್ದಕ್ಕೂ ಜಿಜ್ಞಾಸುಗಳಿಗೆ ತನ್ನ ಹೃದಯದ್ವಾರವನ್ನು ತೆರೆಯಲಿದೆಯೆಂದು ತಿಳಿಸಲು ಹರ್ಷಿಸುತ್ತೇವೆ. ಯುವಮನಸ್ಸುಗಳು ಸಕಾಲದಲ್ಲಿ ಸ್ಪಂದಿಸುವವೆಂಬ ಭರವಸೆ ನಮಗಿದೆ.” ಹೃದಯದ್ವಾರ ಬೇಸಿಗೆಯುದ್ದಕ್ಕೂ ತೆರೆದಿರುವುದಾದರೆ ಅದೇನೋ ವಸ್ತುಪ್ರದರ್ಶನ ಇರಬೇಕು, ಲ್ಯಾಬಿನ ಕೆಲಸದ್ದು ಮುಂದಿನ ವಾರ ಬಂದೀತು ಎಂದುಕೊಂಡಳು. ಆ ‘ಸಕಾಲ’ ಬರುವ ಶುಕ್ರವಾರಕ್ಕೇ ಮುಗಿಯುತ್ತದೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಶುಕ್ರವಾರ ಬಂತು, ಹೋಯಿತು.

ಸೋಮವಾರ ನೀರಿನ ಲ್ಯಾಬಿನ ಮುಖ್ಯಸ್ಥೆ ಖುದ್ದಾಗಿ ಮಾಹಿತಿ ವಿಭಾಗಕ್ಕೆ ಬಂದರು. ಆಕೆಯ ಮೇಡಂಗಿರಿ ಲ್ಯಾಬ್ ಕೋಟಿನ ಕಲೆಗಳಲ್ಲಿದೆ, ಮಾತಿನಲ್ಲಿಲ್ಲ. ಗೋಡೆ ತೆಳುವಾದದ್ದು ನನಗೆ ಅಂದೊಂದು ದಿನ ಉಪಯೋಗಕ್ಕೆ ಬಂತು.

“ಆರು ಸೀಟು ಇದೆ ಸಾರ್. ಎಷ್ಟು ಅರ್ಜಿ ಬಂದಿದೆ ಗೊತ್ತಾ? ಒಂದೂ ಇಲ್ಲ.”

“ಓದುಗರ ಮಟ್ಟ ಇಳಿದುಹೋಗಿದೆ ಮೇಡಂ, ಏನು ಮಾಡೋಣ.”

“ನಾನೇ ಓದ್ದೆ. ಅರ್ಜಿ ಕರೆದಿದೀರಿ ಅಂತ ನನಗೇ ಗೊತ್ತಾಗಲಿಲ್ಲ. ನೋಡಿ, ಇನ್ನೊಂದು ವಾರ ಮುಂದಕ್ಕೆ ಹಾಕಿದೀನಿ. ನಾಲ್ಕೇ ಸಾಲು ಬರೀರಿ. ನೀರಿನ ಲ್ಯಾಬಿನಲ್ಲಿ ಬೇಸಿಗೆ ಸಂಶೋಧನೆ. ಆರು ಸೀಟು. ಭತ್ಯೆ ಇದೆ. ಕೊನೇ ದಿನ ಶುಕ್ರವಾರ.”

“ನಾಲ್ಕು ಸಾಲೇ? ಹಾಲಿನವನಿಗೆ ಚೀಟಿ ಬರೆದಿಟ್ಟ ಹಾಗಾಗುತ್ತೆ ಮೇಡಂ.”

“ಹಾಲಿನವನು ಸರಿಯಾಗಿ ಹಾಲು ಹಾಕ್ತಾನಲ್ಲ, ಅಷ್ಟಾದ್ರೆ ಸಾಕು,” ಎಂದು ಹೇಳಿ ಮೇಡಂ ಹೊರಟುಹೋದರು.

ಅಂದು ಸಂಜೆ ನಾನು ತಂಗಿಯ ಮನೆಗೆ ಹೋದೆ. ಹರ್ಷ ಸಾರ್ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕುಳಿತಿದ್ದರು. ತಮಗಾದ ಅವಮಾನವನ್ನು ಹೇಳಿಕೊಂಡರು. ಮಗಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

“ಅಪ್ಪಾ! ಹೃದಯದ್ವಾರ ಅಂದ್ರೆ ಅದೇನಾ? ನಾನು ಒಂದು ವರ್ಷದಿಂದ ಕಾಯ್ತಾ ಇದ್ದದ್ದು ಅದನ್ನೇನಾ?”

“ಸ್ಪಷ್ಟವಾಗಿಯೇ ಇತ್ತಲ್ಲಮ್ಮ. ಯುವಮನಸ್ಸುಗಳು ಅಂತ ಹೇಳಿದೀನಿ. ನಿನಗೇನು ವಯಸ್ಸಾಗಿದೆಯಾ?”

ತಂಗಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. ಅವಳ ತಲೆ ಅಂಗಡಿಯ ಗಲ್ಲಾಪೆಟ್ಟಿಗೆಗಿಂತ ಚುರುಕು. “ರೀ, ಈ ಸಲನೂ ನಿಮ್ಮ ಪದ್ಧತಿಯಲ್ಲೇ ಬರೆದುಬಿಡಿ. ಒಂದು ನರಪಿಳ್ಳೆಗೂ ಅರ್ಥ ಆಗಬಾರದು. ನಮ್ಮ ಹುಡುಗಿ ಒಬ್ಬಳೇ ಅರ್ಜಿ ಹಾಕಲಿ, ಸೀಟು ಸಿಗುತ್ತೆ. ಇಷ್ಟು ವರ್ಷಕ್ಕೆ ಒಂದು ಸಲನಾದ್ರೂ ನಿಮ್ಮ ಬರವಣಿಗೆಯಿಂದ ಮನೆಗೆ ಉಪಯೋಗ ಆಗಲಿ.”

“ಅಮ್ಮಾ, ಥೂ!” ಎಂದಳು ಮಗಳು. “ಹಂಗೆಲ್ಲ ಬೇಡ. ಅಪ್ಪಾ, ಮೇಡಂ ಹೇಳಿದ ನಾಲ್ಕು ಸಾಲು ಬರಿ. ಬರೋರೆಲ್ಲ ಬರಲಿ. ಬಂದ್ರೆ ಅವರ ಎದುರಿಗೇ ಸೀಟು ತಗೋತೀನಿ.”

ಹರ್ಷ ಸಾರ್ ಮುಖ ಬಾಡಿತು. ಅವರಿಗೆ ನೋವಾದದ್ದು ಮಗಳ ಸೀಟಿನ ಕಾರಣಕ್ಕಲ್ಲ. “ನರಪಿಳ್ಳೆಗೂ ಅರ್ಥ ಆಗಲ್ಲ ಅಂದ್ಯಾ? ನೋಡ್ತಾ ಇರು. ಈ ಸಲ ಎಂಥದು ಬರೀತೀನಿ ಅಂದ್ರೆ, ಅರ್ಜಿ ಹಿಡಿಯೋಕೆ ಅವರ ಲ್ಯಾಬಿನ ಬಕೆಟ್ಟು ಸಾಲಬಾರದು.”

ಅಂದರೆ ಮಗಳಿಗೆ ಎದುರಾಳಿಗಳನ್ನು ತಾವೇ ಹೊತ್ತು ತರುತ್ತೇನೆಂದು ಶಪಥ ಮಾಡಿದ ಹಾಗಾಯಿತು. ಅದು ಅವರಿಗೆ ಹೊಳೆಯಲೇ ಇಲ್ಲ. ತಂಗಿ ಸೌಟನ್ನೂ ಗಂಡನನ್ನೂ ಒಮ್ಮೆ ನೋಡಿದಳು. ಎರಡನ್ನೂ ಹತ್ತಿರ ತರುವ ಯೋಚನೆ ಬಂದಿರಬೇಕು. ಸುಮ್ಮನೆ ಒಳಗೆ ಹೋದಳು.

ಮರುದಿನ ಹೊಸ ಪ್ರಕಟಣೆ ಹೊರಬಿತ್ತು. ಹಳೆಯದರ ಎರಡರಷ್ಟು ಉದ್ದ. ಹೃದಯದ್ವಾರ ಹೋಗಿ ‘ಜ್ಞಾನಗಂಗೆಯ ಹೆಬ್ಬಾಗಿಲು’ ಬಂದಿತ್ತು. ಶುಕ್ರವಾರ ‘ವಾರಾಂತ್ಯದ ಹೊಸ್ತಿಲು’ ಆಗಿತ್ತು. ನೋಟಿಸ್ ಬೋರ್ಡಿನ ಮುಂದೆ ನಿಂತಿದ್ದ ಒಬ್ಬ ಹುಡುಗ ಓದಿ ಮುಗಿಸಿ, “ಇದೇನು, ಯಾರದಾದ್ರೂ ಮದುವೇನಾ?” ಎಂದು ಪಕ್ಕದವನನ್ನು ಕೇಳಿದ.

ಆದರೆ ಮಧ್ಯಾಹ್ನ ಕ್ಯಾಂಟೀನಿಗೆ ಹೋದಾಗ ನಾನು ಇನ್ನೊಂದು ಬರಹ ನೋಡಿದೆ. ದಿನದ ತಿಂಡಿಗಳ ಹೆಸರು ಬರೆಯುವ ಕರಿಹಲಗೆಯ ಕೆಳಭಾಗದಲ್ಲಿ, ಟೀ ಮತ್ತು ಬನ್ನಿನ ಕೆಳಗೆ, ಸೀಮೆಸುಣ್ಣದಲ್ಲಿ ಮೇಡಂ ಹೇಳಿದ ನಾಲ್ಕು ಸಾಲು. ನೀರಿನ ಲ್ಯಾಬು. ಆರು ಸೀಟು. ಭತ್ಯೆ ಇದೆ. ಕೊನೇ ದಿನ ಶುಕ್ರವಾರ. ಅಕ್ಷರ ಯಾರದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಲ್ಲೇ ಮೂಲೆಯ ಮೇಜಿನಲ್ಲಿ ನನ್ನ ಸೋದರಸೊಸೆ ಕೂತು ಬನ್ನು ತಿನ್ನುತ್ತಿದ್ದಳು, ಬಲಗೈಯ ತೋಳಿಗೆಲ್ಲ ಬಿಳಿ ಪುಡಿ.

“ಮಾವ, ಅಪ್ಪನಿಗೆ ಹೇಳಬೇಡ.”

“ಹೇಳಿದ್ರೂ ಅವರಿಗೆ ಅರ್ಥ ಆಗಬೇಕಲ್ಲ. ನಾಲ್ಕೇ ಸಾಲು.”

ಅರ್ಜಿಗಳು ದಬದಬ ಬಂದವು. ಲ್ಯಾಬಿನ ಮೇಜು ತುಂಬಿತು. ಹರ್ಷ ಸಾರ್ ವಿಭಾಗದಿಂದ ವಿಭಾಗಕ್ಕೆ ಓಡಾಡಿದರು. ನನ್ನ ಮೇಜಿನ ಮುಂದೆ ನಿಂತು, “ನೋಡಿದ್ರಾ ಭಾವ? ಬರಹಕ್ಕೆ ತಾಕತ್ತು ಅಂತ ಒಂದಿರುತ್ತೆ. ಹೆಬ್ಬಾಗಿಲು ಅನ್ನೋ ಪದ ಕೆಲಸ ಮಾಡ್ತು,” ಎಂದರು. ಅರ್ಜಿ ಹಾಕಿದವರ ಬೆರಳಲ್ಲಿ ಬನ್ನಿನ ಸಕ್ಕರೆ ಅಂಟಿತ್ತು ಎಂದು ನಾನು ಹೇಳಲಿಲ್ಲ.

ಮೇಡಂ ಎಲ್ಲರನ್ನೂ ಕರೆದು ಮಾತಾಡಿಸಿದರು, ನೀರಿನ ಬಾಟಲಿ ಕೈಗೆ ಕೊಟ್ಟು ಪ್ರಶ್ನೆ ಕೇಳಿದರು. ಫಲಿತಾಂಶವನ್ನು ಪ್ರಕಟಣೆಗೆಂದು ಹರ್ಷ ಸಾರ್ ಕೈಗೇ ಕಳಿಸಿದರು. ಮಗಳು ಏಳನೆಯವಳು. ಯಾರಾದರೂ ಬರದಿದ್ದರೆ ಮಾತ್ರ ಅವಳಿಗೆ.

ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಹರ್ಷ ಸಾರ್ ಸಮಾಧಾನ ಹೇಳಲು ಹೋದರು. “ಅಷ್ಟೊಂದು ಜನರಲ್ಲಿ ಏಳನೆಯ ಸ್ಥಾನ ಅಂದ್ರೆ ಸಾಮಾನ್ಯವೇನಮ್ಮ.”

“ಸೀಟು ಆರು ರೀ,” ಎಂದಳು ತಂಗಿ.

“ಅದೂ ಅಲ್ದೆ, ಅಷ್ಟು ಜನ ಬಂದದ್ದೇ...”

“ನೀವು ಇನ್ನೊಂದು ಮಾತಾಡಿದ್ರೆ ಸೌಟು ಬರುತ್ತೆ.”

ಮಗಳು ಎದ್ದು ತಟ್ಟೆ ತೊಳೆದಿಟ್ಟು ಮಲಗಲು ಹೋದಳು. ಅಪ್ಪನ ತಪ್ಪೂ ಅಲ್ಲ, ಅಪ್ಪನ ಹೆಚ್ಚುಗಾರಿಕೆಯೂ ಅಲ್ಲ. ಆ ಜನರನ್ನೆಲ್ಲ ಕರೆದದ್ದು ಅವಳ ಕೈಯ ಸೀಮೆಸುಣ್ಣ. ಅದು ಅವಳಿಗೂ ನನಗೂ ಗೊತ್ತು. ಅಂದು ಮೊದಲ ಸಲ ನನಗೆ ಹರ್ಷ ಸಾರ್ ಮೇಲೆ ನಗು ಬರಲಿಲ್ಲ, ಸಿಟ್ಟು ಬಂತು. ಅವರು ಮಾತ್ರ ಫಲಿತಾಂಶದ ಪ್ರಕಟಣೆಗೆ ಪದ ಹುಡುಕುತ್ತ ಕೂತಿದ್ದರು.

ಆ ಪ್ರಕಟಣೆ ಹೀಗಿತ್ತು: “ಜಲ ಪ್ರಯೋಗಾಲಯದ ಕರೆಗೆ ಓಗೊಟ್ಟ ಈ ಕೆಳಗಿನ ಆರು ಚೇತನಗಳ ಪರಿಶ್ರಮಕ್ಕೆ ವಿಶ್ವವಿದ್ಯಾಲಯವು ತಲೆಬಾಗುತ್ತದೆಯೆಂದು ತಿಳಿಸಲು ಹರ್ಷಿಸುತ್ತೇವೆ. ಗೆಲುವು ಸೋಲುಗಳು ಬದುಕಿನ ಎರಡು ದಡಗಳು. ಇವರ ಮುಂದಿನ ಪಯಣ ಸುಖಕರವಾಗಿರಲಿ.” ಕೆಳಗೆ ಆರು ಹೆಸರು.

ಐವರಿಗೆ ಅನುಮಾನ ಬಂದು ಲ್ಯಾಬಿಗೇ ಹೋಗಿ ಬಾಯಿಬಿಟ್ಟು ಕೇಳಿದರು. ಆರನೆಯವನು ಸಂಕೋಚದ ಪ್ರಾಣಿ. ಓದಿದ, ನಿಟ್ಟುಸಿರುಬಿಟ್ಟ, ಟ್ರಂಕಿಗೆ ಬಟ್ಟೆ ತುಂಬಿದ, ಬಸ್ಸು ಹತ್ತಿದ.

ಕೆಲಸ ಶುರುವಾಗುವ ದಿನ ಐದೇ ಜನ ಬಂದಿದ್ದನ್ನು ನೋಡಿ ಮೇಡಂ ಅವನಿಗೆ ಫೋನ್ ಮಾಡಿದರು. ಅವನಾಗಲೇ ತನ್ನ ಊರಿನಲ್ಲಿ ಮಕ್ಕಳಿಗೆ ಈಜು ಕಲಿಸುವ ಬೇಸಿಗೆ ಶಿಬಿರ ಸೇರಿಕೊಂಡುಬಿಟ್ಟಿದ್ದ. ದುಡ್ಡು ಲ್ಯಾಬಿಗಿಂತ ಹೆಚ್ಚು. ಬಿಟ್ಟು ಬರಲಾರೆ ಎಂದ. “ಮೇಡಂ, ಪಯಣ ಸುಖಕರವಾಗಿರಲಿ ಅಂತ ಬರೆದಿದ್ರಲ್ಲ. ಪಾಪ, ಮರ್ಯಾದೆಯಾಗಿ ಕಳಿಸ್ತಾ ಇದ್ದಾರೆ ಅಂದ್ಕೊಂಡೆ.”

ಮೇಡಂ ಮಾಹಿತಿ ವಿಭಾಗಕ್ಕೆ ಫೋನ್ ಮಾಡಿದ್ದು ಗೋಡೆಯಾಚೆಯಿಂದ ಕೇಳಿಸಿತು. ಹರ್ಷ ಸಾರ್ “ಹೌದೇ... ಹಾಗೇ... ಖಂಡಿತ” ಎಂದಷ್ಟೇ ಅಂದರು. ಸಂಜೆ ನಾನೂ ಅವರ ಜೊತೆಗೇ ಮನೆಗೆ ಹೋದೆ. ದಾರಿಯುದ್ದಕ್ಕೂ ತುಟಿ ಕುಣಿಸುತ್ತಿದ್ದರು. ಮನೆಯಲ್ಲಿ ಹೇಳುವ ಮಾತಿಗೆ ತಾಲೀಮು ನಡೆದಿತ್ತು.

ಬಾಗಿಲಲ್ಲಿ ಚಪ್ಪಲಿ ಬಿಟ್ಟವರೇ ಗಂಟಲು ಸರಿಮಾಡಿಕೊಂಡರು. “ನಮ್ಮ ಜಲ ಪ್ರಯೋಗಾಲಯವು ತನ್ನ ವಿಶಾಲ ಮನೋಭಾವದಿಂದ...”

“ಏನಾಯ್ತು?” ಎಂದಳು ತಂಗಿ.

“ಹೇಳ್ತಾ ಇದೀನಲ್ಲ. ತನ್ನ ವಿಶಾಲ ಮನೋಭಾವದಿಂದ, ಪರಿಸ್ಥಿತಿಯ ಪುನರವಲೋಕನದ ನಂತರ...”

“ರೀ, ಹುಡುಗಿಗೆ ಸೀಟು ಸಿಕ್ತಾ ಇಲ್ವಾ? ಒಂದೇ ಮಾತು.”

“ಒಂದು ಅರ್ಥದಲ್ಲಿ ನೋಡಿದ್ರೆ...”

ಅಷ್ಟರಲ್ಲಿ ಮಗಳು ಒಳಕೋಣೆಯಲ್ಲಿ ಮೇಡಂಗೆ ಫೋನ್ ಮಾಡಿ ಮುಗಿಸಿದ್ದಳು. ಹೊರಗೆ ಬಂದು, “ಸಿಕ್ತು. ನಾಳೆ ಒಂಬತ್ತಕ್ಕೆ. ಹಳೇ ಚಪ್ಪಲಿ ಹಾಕ್ಕೊಂಡು ಬಾ ಅಂದ್ರು,” ಎಂದಳು. ತಂಗಿ ಮಗಳನ್ನು ತಬ್ಬಿಕೊಂಡಳು. ಹರ್ಷ ಸಾರ್ ಅರ್ಧ ವಾಕ್ಯ ಬಾಯಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದರು. ಕೊನೆಗೆ ನನ್ನ ಕಿವಿಯ ಹತ್ತಿರ ಬಂದು, “ಆ ಹುಡುಗನಿಗೆ ಪಯಣ ಅನ್ನೋ ಪದ ಎಷ್ಟು ನಾಟಿದೆ ನೋಡಿ ಭಾವ. ಊರಿಗೇ ಹೋಗಿಬಿಟ್ಟ,” ಎಂದರು.

ಮರುದಿನ ಬೆಳಿಗ್ಗೆ ತಂಗಿ ಅಂಗಡಿಗೆ ಬೇಗ ಹೋಗಬೇಕಿತ್ತು. ಮಗಳೂ ಹೊರಟಿದ್ದಳು. ಗಂಡನಿಗೆ ಅಂದು ರಜೆ. ಮಾತ್ರೆ ಪೊಟ್ಟಣದ ಹಿಂಬದಿಯಲ್ಲಿ ಒಂದು ಸಾಲು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು: ‘ಸಂಜೆ ಆರಕ್ಕೆ ಅನ್ನ ಇಡಿ. ಮಗಳು ಹಸಿದು ಬರುತ್ತಾಳೆ.’

ಸಂಜೆ ಹೋಗಿ ನೋಡಿದರೆ ಒಲೆ ತಣ್ಣಗಿತ್ತು. ಮಗಳು ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು, ಬಾಯಿಗೆ ಬಿಡುವಿಲ್ಲದೆ ಕೆರೆಯ ಕಥೆ ಹೇಳುತ್ತ, ನಿಂತುಕೊಂಡೇ ಬ್ರೆಡ್ಡು ತಿನ್ನುತ್ತಿದ್ದಳು. ತಂಗಿ ಸೊಂಟದ ಮೇಲೆ ಕೈಯಿಟ್ಟು ಅಡುಗೆಮನೆಯ ಬಾಗಿಲ ಮುಂದೆ ನಿಂತಿದ್ದಳು. ಪೊಟ್ಟಣ ಹೋಗಿ ಅಲ್ಲಿ ಒಂದು ಪೂರ್ತಿ ಹಾಳೆ ಬಂದಿತ್ತು. ಮೊದಲ ಸಾಲಿನಲ್ಲೇ ಹರ್ಷವಿತ್ತು, ಕೊನೆಯ ಸಾಲಿನಲ್ಲಿ ಶುಭಾಶಯವಿತ್ತು. ಅನ್ನ ಎಲ್ಲಿ ಹೋಯಿತೆಂದು ನಾವು ಮೂವರೂ ಎರಡೆರಡು ಸಲ ಓದಿ ಹುಡುಕಿದೆವು.

ಬರೆದವರು ಕುರ್ಚಿಯಲ್ಲಿ ಕೂತು, ಹಸಿವಾಗುತ್ತಿದೆ, ಊಟ ಯಾವಾಗ ಎಂದು ಕೇಳಿದರು.